ಕುಂಬಾರ ಓಣಿ, ಎಂಬತ್ತೆಂಟು, ಮೂರು

ಕನ್ನಡಕ ಒಂದು ಇಲ್ಲದಿದ್ದರೆ ನನ್ನ ತಪ್ಪು ನನಗೇ ಗೊತ್ತಾಗುತ್ತಿರಲಿಲ್ಲ. ಸೋಮವಾರ ಊಟದ ಡಬ್ಬಿ ತೊಳೆದಿಟ್ಟು ಬಂದು ಕೂತೆ. ಊರಿನ ಪುಟವೆಲ್ಲ ಮುಗಿದ ಮೇಲೆ ಕೊನೆಗೊಮ್ಮೆ ನನ್ನ ಪುಟ ನೋಡಿಕೊಳ್ಳುವುದು ನನ್ನ ಅಭ್ಯಾಸ. ಗಾಣಿಗರ ಬೀದಿ, ನೂರಾ ಹನ್ನೆರಡು, ಒಂದು. ಚೌಕದಲ್ಲಿ ಒಬ್ಬ ಹೆಂಗಸು ಇದ್ದಳು. ನನ್ನ ಮುಖ ನನಗೆ ನೆನಪಿಲ್ಲ, ನಮ್ಮೂರಲ್ಲಿ ಯಾರಿಗೂ ಯಾರ ಮುಖವೂ ಒಂದು ನಿದ್ದೆಯಿಂದಾಚೆಗೆ ಉಳಿಯುವುದಿಲ್ಲ. ಆದರೆ ಸಾಮಾನು ನೆನಪಿರುತ್ತದಲ್ಲ. ಆ ಹೆಂಗಸು ಹಾಕಿದ್ದು ಕಪ್ಪು ಫ್ರೇಮಿನ ಕನ್ನಡಕ. ಅದರ ಮೇಲೆ ನಾನೇ ಕೂತು ಮುರಿದು ಏಳು ತಿಂಗಳಾಗಿತ್ತು. ಈ ಸಲ ಊರಿನ ಫೋಟೋಗ್ರಾಫರು ಖಲೀಲ್ ಸಾಬರು ನನ್ನ ಚಿತ್ರ ತೆಗೆದಾಗ ನಾನು ಹಾಕಿದ್ದು ಈಗ ಮೂಗಿನ ಮೇಲಿರುವ ಈ ಕಂದು ಬಣ್ಣದ್ದು. ಹಾಗಾದರೆ ಪುಟದಲ್ಲಿ ಕೂತಿರುವವಳು ಹೋದ ವರ್ಷದ ಹಾಲಮ್ಮ.

ಒಂದು ಲೋಟ ನೀರು ಕುಡಿದೆ. ಪುಟ ಮತ್ತೊಮ್ಮೆ ನೋಡಿದೆ, ಅದೇ ಕಪ್ಪು ಕನ್ನಡಕ.

ನಾನು ಮಾಡುವುದು ಮೋರೆಪಟ್ಟಿ. ಊರಿನ ಪ್ರತಿಯೊಬ್ಬರ ಮುಖ, ಪಕ್ಕದಲ್ಲಿ ಹೆಸರು, ಮನೆ ನಂಬರು. ವರ್ಷಕ್ಕೊಂದು ಹೊಸ ಪಟ್ಟಿ, ಮನೆಗೊಂದು ಪ್ರತಿ. ಬೆಳಿಗ್ಗೆ ಎದ್ದ ಕೂಡಲೇ ಗಂಡ ಹೆಂಡತಿ ಪಟ್ಟಿ ತೆರೆದು ಒಬ್ಬರನ್ನೊಬ್ಬರು ನೋಡಿ ‘ಹೂಂ, ನೀವೇ’ ಅಂದ ಮೇಲೇ ಕಾಫಿ. ಹಗಲಲ್ಲಿ ಒಂದು ಜೊಂಪು ಹತ್ತಿದರೂ ಅಷ್ಟೇ, ಎಲ್ಲ ಅಳಿಸಿಹೋಗುತ್ತದೆ. ಕಟಿಂಗ್ ಶಾಪಿನ ಕುರ್ಚಿಯಲ್ಲಿ ತೂಕಡಿಸಿದವನು ಕಣ್ಣುಬಿಟ್ಟು ಕತ್ತರಿ ಹಿಡಿದವನನ್ನೇ ‘ತಾವು ಯಾರು’ ಅಂತ ಕೇಳುತ್ತಾನೆ, ಅವನೂ ಬೇಸರ ಮಾಡಿಕೊಳ್ಳದೆ ಹೆಸರು ಹೇಳಿ ಪಟ್ಟಿ ತೋರಿಸುತ್ತಾನೆ. ಇದೆಲ್ಲ ನಮಗೆ ಮಾಮೂಲು. ಹೊಸ ಪಟ್ಟಿ ಹಂಚುವ ಎರಡು ದಿನ ಮುಂಚೆ ಹಳೆಯ ಪಟ್ಟಿಗಳನ್ನು ಪ್ರೆಸ್ಸಿಗೆ ವಾಪಸು ತರಿಸಿಕೊಳ್ಳುತ್ತೇವೆ. ಅವನ್ನು ತೊಟ್ಟಿಯಲ್ಲಿ ನೆನೆಹಾಕಿ, ಅರೆದು, ಹೊಸ ಪಟ್ಟಿಗೆ ರಟ್ಟು ಮಾಡುತ್ತೇವೆ. ಆ ಎರಡು ದಿನಕ್ಕೆ ಕುರುಡು ದಿನ ಅನ್ನುತ್ತಾರೆ. ಜನ ಬೀದಿಯಲ್ಲಿ ತಂತಮ್ಮ ಹೆಸರು ಕೂಗುತ್ತಾ ನಡೆಯುತ್ತಾರೆ, ಸೊಪ್ಪು ಮಾರುವವರ ಹಾಗೆ. ಸೋಮವಾರ ಮೊದಲನೆಯ ಕುರುಡು ದಿನ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಹಂಚಬೇಕು.

ಈಗ ನನ್ನ ತಪ್ಪಿನ ವಿಷಯ. ನಾನು ಪುಟ ಕಟ್ಟುವಾಗ ಪುಟದ ಮೇಲೆ ಕಾಣುವುದು ಚಿತ್ರವಲ್ಲ, ಅದರ ತೆಳ್ಳಗಿನ ನೆರಳು. ನಿಜವಾದ ಚಿತ್ರ ಕಂಪ್ಯೂಟರಿನಲ್ಲಿ ಬೇರೆ ಫೋಲ್ಡರಿನೊಳಗೆ ಮಲಗಿರುತ್ತದೆ. ಪುಟಕ್ಕೆ ಗೊತ್ತಿರುವುದು ವಿಳಾಸ ಮಾತ್ರ. ಅಚ್ಚಿಗೆ ಹೋಗುವಾಗ ಆ ವಿಳಾಸಕ್ಕೆ ಹೋಗಿ ಅಲ್ಲಿ ಯಾರಿದ್ದಾರೋ ಅವರನ್ನು ಕರೆತರುತ್ತದೆ. ವಿಳಾಸದಲ್ಲಿ ಯಾರೂ ಇಲ್ಲದಿದ್ದರೆ ಕೆಂಪು ಗುರುತು ತೋರಿಸಿ ಬೊಬ್ಬೆ ಹೊಡೆಯುತ್ತದೆ. ಬೇರೆಯವರು ಇದ್ದರೆ? ತೆಪ್ಪಗಿರುತ್ತದೆ. ಅದಕ್ಕೆ ಹೆಸರು ಸರಿಯಿದ್ದರೆ ಸಾಕು.

ನಮ್ಮಲ್ಲಿ ಚಿತ್ರಕ್ಕೆ ಮನುಷ್ಯರ ಹೆಸರಿಡುವುದಿಲ್ಲ. ಓಣಿ, ಮನೆ, ಆ ಮನೆಯಲ್ಲಿ ಎಷ್ಟನೆಯವರು, ಇಷ್ಟೇ. ಮನೆಯಲ್ಲಿ ಯಾರಾದರೂ ಸತ್ತರೆ ಆ ನಂಬರು ಮುಂದೆ ಆ ಮನೆಗೆ ಬರುವವರದ್ದು. ಸೊಸೆಯೋ, ಕೂಸೋ, ಯಾರು ಬಂದರೂ ಅದೇ ನಂಬರು. ಸತ್ತವರ ಮುಖವನ್ನು ಹನ್ನೊಂದನೆಯ ದಿನ ಊರವರೆಲ್ಲ ತಮ್ಮ ತಮ್ಮ ಪಟ್ಟಿಯಿಂದ ಕತ್ತರಿಸಿ ಒಲೆಗೆ ಹಾಕಬೇಕು. ಪಟ್ಟಿ ಬಿಟ್ಟು ಬೇರೆ ಫೋಟೋ ಯಾರ ಮನೆಯಲ್ಲೂ ಇರುವ ಹಾಗಿಲ್ಲ, ಖಲೀಲ್ ಸಾಬರೂ ಚಿತ್ರ ನನಗೆ ಕೊಟ್ಟ ಮೇಲೆ ತಮ್ಮ ಕಾರ್ಡು ಅಳಿಸಿಬಿಡಬೇಕು. ನಾನೂ ಅದೇ ದಿನ ನನ್ನ ಫೋಲ್ಡರಿನಿಂದ ಆ ಫೈಲು ತೆಗೆಯಬೇಕು. ತೆಗೆಯುತ್ತಿರಲಿಲ್ಲ. ಕೈ ಬರುತ್ತಿರಲಿಲ್ಲ. ಪುಟದಿಂದ ತೆಗೆದರಾಯಿತು, ಫೈಲು ಅದರ ಪಾಡಿಗೆ ಅಲ್ಲಿರಲಿ, ಯಾರಿಗೇನು ತೊಂದರೆ ಅಂದುಕೊಂಡಿದ್ದೆ. ನನ್ನ ಈ ಮೆತ್ತನೆ ಬುದ್ಧಿಗೆ ಬೆಂಕಿ ಹಾಕಬೇಕು.

ಭಾನುವಾರ ಡಿಸ್ಕಿನಲ್ಲಿ ಜಾಗ ಇಲ್ಲ ಅಂತ ಯಂತ್ರ ಹಟ ಹಿಡಿಯಿತು. ಎರಡು ಫೋಲ್ಡರು ಇದ್ದವು. ಒಂದರ ಹೆಸರು ‘ಈ ವರ್ಷ’, ಇನ್ನೊಂದರದ್ದು ‘ಈ ವರ್ಷ ಹೊಸದು’. ಮೊದಲನೆಯದು ಹೋದ ವರ್ಷದ್ದು, ಹೆಸರು ಬದಲಿಸಲು ಪುರುಸೊತ್ತಾಗಿರಲಿಲ್ಲ. ಎರಡನ್ನೂ ಒಂದು ಮಾಡಿದರೆ ಜಾಗ ಸಿಗುತ್ತದೆ ಅಂತ ಒಂದನ್ನು ಎಳೆದು ಇನ್ನೊಂದರೊಳಗೆ ಹಾಕಿದೆ. ಅದೇ ಹೆಸರಿನ ಫೈಲುಗಳು ಆಗಲೇ ಇವೆ, ಹಳೆಯದನ್ನು ತೆಗೆದು ಹೊಸದನ್ನು ಇಡಲಾ ಅಂತ ಕೇಳಿತು. ಹೂಂ ಅಂದೆ. ಎಲ್ಲಕ್ಕೂ ಹೂಂ ಅಂದೆ. ಆಮೇಲೆ ಉಳಿದ ಫೋಲ್ಡರನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಮನೆಗೆ ಹೋಗಿ ಸೊಪ್ಪಿನ ಸಾರು ಉಂಡು ಹಾಯಾಗಿ ಮಲಗಿದ್ದೆ. ನಾನು ಎಳೆದದ್ದು ಹೋದ ವರ್ಷದ್ದನ್ನು, ಹಾಕಿದ್ದು ಈ ವರ್ಷದ್ದರ ಮೇಲೆ. ಒಂದೂ ಕೆಂಪು ಗುರುತಿಲ್ಲ. ಎಲ್ಲ ವಿಳಾಸದಲ್ಲೂ ಯಾರೋ ಒಬ್ಬರು ಇದ್ದರಲ್ಲ.

ಊರಿಗೆ ಊರೇ ಒಂದು ವರ್ಷ ಚಿಕ್ಕದಾಗಿ ಅಚ್ಚಾಗುತ್ತದೆ, ಆಗಲಿ. ಕನ್ನಡಕ, ಮೀಸೆ, ಒಂದೆರಡು ಹಲ್ಲು, ಅಷ್ಟೇ ತಾನೆ ವ್ಯತ್ಯಾಸ. ಹೊಸ ನಂಬರಿನವರ ಫೈಲು ಹೇಗೂ ಹಾಗೇ ಉಳಿದಿತ್ತು. ನನಗೆ ಬೆವರು ಬಂದದ್ದು ಹಳೆಯ ನಂಬರಿಗೆ ಹೊಸಬರು ಬಂದ ಮನೆಗಳಿಗೆ. ಮರಣದ ರಿಜಿಸ್ಟರು ತೆಗೆದು ಬೆರಳಿಟ್ಟು ನೋಡಿದೆ. ಏಳು ಜನ. ಆರು ಜನ ಊರಲ್ಲೇ ಇದ್ದರು. ಲೈಟು ಸರಿ ಬಂದಿಲ್ಲ, ಇನ್ನೊಂದು ಸಲ ತೆಗೀರಿ ಅಂತ ಖಲೀಲ್ ಸಾಬರಿಗೆ ಕೂಡಲೇ ಹೇಳಿ ಕಳಿಸಿದೆ, ಸಂಜೆಯೊಳಗೆ ಆಗುತ್ತದೆ. ಏಳನೆಯದು ಕುಂಬಾರ ಓಣಿ, ಎಂಬತ್ತೆಂಟು, ಮೂರು. ಸುಗುಣ, ಏಳು ವರ್ಷ. ಅವಳು ಊರಲ್ಲಿರಲಿಲ್ಲ.

ಅದು ಕರಿಬಸಮ್ಮನ ಮನೆ. ಗಂಡ ಗುಡ್ಡಪ್ಪನಿಗೆ ಸೈಕಲ್ ಶಾಪು. ಹೋದ ವರ್ಷ ಪಟ್ಟಿ ಹಂಚಿ ತಿಂಗಳಾಗುವುದರೊಳಗೆ ಅವರ ಒಬ್ಬಳೇ ಮಗಳು ಪುಷ್ಪ ಜ್ವರ ಬಂದು ತೀರಿಕೊಂಡಳು. ಆರು ವರ್ಷದ ಮಗು. ಹತ್ತು ತಿಂಗಳು ಆ ಮನೆಯಿಂದ ಮಾತಿನ ಸದ್ದೇ ಬರುತ್ತಿರಲಿಲ್ಲ. ಆಮೇಲೆ ಬೇರೆ ಊರಲ್ಲಿದ್ದ ಗುಡ್ಡಪ್ಪನ ತಂಗಿ ಸತ್ತು, ಅವಳ ಮಗಳು ಸುಗುಣ, ಹೊಸ ಪಟ್ಟಿ ಹಂಚುವತನಕ ಮಾತ್ರ ನಡೆಯುವ ಚೀಟಿಯ ಮೇಲೆ, ಇವರ ಮನೆಗೆ ಬಂದಳು. ಆ ಮಗುವಿನ ಒಂದು ಕಾಲು ಸೊಟ್ಟ. ಖಲೀಲ್ ಸಾಬರು ಅವಳ ಚಿತ್ರ ತೆಗೆದುಕೊಟ್ಟ ವಾರಕ್ಕೇ ಗುಡ್ಡಪ್ಪ ಅವಳನ್ನು ಕಾಲಿನ ಆಪರೇಷನ್ನಿಗೆ ಆರು ಗಂಟೆ ದಾರಿಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಬುಧವಾರ ಹನ್ನೊಂದರ ಬಸ್ಸಿಗೆ ವಾಪಸು ಬರುವವರಿದ್ದರು.

ಊರಬಾಗಿಲಲ್ಲಿ ಬೀರಪ್ಪ ಕೂತಿರುತ್ತಾನೆ. ಹೊರಗಿನಿಂದ ಬಂದವರ ಮುಖ ಪಟ್ಟಿಯೊಂದಿಗೆ ತಾಳೆಯಾಗಬೇಕು, ಬಾಯಿಮಾತು ನಡೆಯುವುದಿಲ್ಲ. ತಾಳೆಯಾಗದಿದ್ದರೆ ಬಾಗಿಲ ಹೊರಗಿನ ಛತ್ರ, ಮುಂದಿನ ವರ್ಷದ ಪಟ್ಟಿ ಬರುವತನಕ. ದೊಡ್ಡವರೇ ಅಲ್ಲಿ ಮೂರು ತಿಂಗಳಿಗೆ ಒಣಗಿಹೋಗುತ್ತಾರೆ. ಈಗ ತಾನೆ ಕಾಲು ಕೊಯ್ಯಿಸಿಕೊಂಡ ಏಳು ವರ್ಷದ ತಬ್ಬಲಿ ಮಗು ಆ ಛತ್ರದಲ್ಲಿ, ನನ್ನ ಒಂದು ಹೂಂನಿಂದ.

ಪ್ರೆಸ್ಸಿನ ಯಜಮಾನರಾದ ಚೌಡಪ್ಪನವರ ಹತ್ತಿರ ಹೋದೆ. ಎಲ್ಲ ಕೇಳಿಸಿಕೊಂಡು ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು.

“ಬೇರೆ ಯಾರಿಗೆ ಹೇಳಿದೀಯ?”

“ಯಾರಿಗೂ ಇಲ್ಲ ಯಜಮಾನ್ರೆ.”

“ಹೇಳಬೇಡ. ಆ ಚೌಕ ಬೂದು ಬಿಟ್ಟುಬಿಡು.”

ಚಿತ್ರವಿಲ್ಲದ ಬೂದು ಚೌಕ ಅಂದರೆ ಆ ನಂಬರಿನವರು ಸತ್ತಿದ್ದಾರೆ, ಬದಲಿಗೆ ಯಾರೂ ಬಂದಿಲ್ಲ ಅಂತ ಅರ್ಥ. “ಆ ಮಗು ಬದುಕಿದೆಯಲ್ಲ” ಅಂದೆ.

“ಬದುಕಿದೆ. ಒಂದು ವರ್ಷ ಛತ್ರದಲ್ಲಿ ಗುಡ್ಡಪ್ಪನ ಜೊತೆ ಇರುತ್ತೆ, ಮುಂದಿನ ವರ್ಷ ಸರಿ ಮಾಡೋಣ. ನೋಡು ಹಾಲಮ್ಮ, ಪಟ್ಟಿಯಲ್ಲಿ ಒಂದು ಮುಖ ತಪ್ಪಾಗಿದೆ ಅಂತ ಹೊರಗೆ ಬಿದ್ದರೆ ಗುರುವಾರ ಬೆಳಿಗ್ಗೆ ಈ ಊರಿನ ಯಾವ ಹೆಂಗಸೂ ಪಕ್ಕದಲ್ಲಿ ಮಲಗಿದವನನ್ನು ನಂಬಲ್ಲ. ಒಂದು ಮಗುವಿಗೋಸ್ಕರ ನಾಲ್ಕು ಸಾವಿರ ಜನಕ್ಕೆ ಆ ಹುಳ ಬಿಡ್ತೀಯಾ?”

ಅವರು ಕೆಟ್ಟವರಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ, ಅದೇ ನನ್ನ ಸಂಕಟ. ಬಂದು ಕುರ್ಚಿಯಲ್ಲಿ ಕೂತೆ. ಚೌಕ ಬೂದು ಮಾಡಲು ಒಂದು ಗುಂಡಿ ಒತ್ತಿದರೆ ಸಾಕು. ಕೆಲಸ ಹೋದರೆ ಈ ವಯಸ್ಸಿನಲ್ಲಿ ನನಗೆ ಯಾರು ಕೊಡುತ್ತಾರೆ ಅಂತಲೂ ಯೋಚನೆ ಬಂತು, ಸುಳ್ಳೇಕೆ ಹೇಳಲಿ. ಎರಡು ಗಂಟೆ ಹೊಡೆಯಿತು. ಎರಡೂವರೆಯಾಯಿತು. ದೊಡ್ಡಾಸ್ಪತ್ರೆಯ ಊರಿಗೆ ಇರುವುದು ನಾಲ್ಕೂವರೆಯ ಒಂದೇ ಬಸ್ಸು. ಇವತ್ತು ಹೋಗಿ, ನಾಳೆ ಬೆಳಿಗ್ಗೆ ಚಿತ್ರ ತೆಗೆದು, ನಾಳೆ ಸಂಜೆ ಐದಕ್ಕೆ ಬಂದರೆ, ಕುಂಬಾರ ಓಣಿಯ ಪುಟಗಳಿರುವ ಒಂದು ಹಾಳೆ, ಆ ಒಂದು ಫಾರಂ ಮಾತ್ರ ಕೊನೆಗೆ ಅಚ್ಚು ಹಾಕಬಹುದು. ಫೋನಿನಲ್ಲಿ ಬಂದ ಚಿತ್ರ ಪಟ್ಟಿಗೆ ಸೇರುವುದಿಲ್ಲ, ಊರಿನ ಕ್ಯಾಮೆರಾದಲ್ಲೇ ತೆಗೆದಿರಬೇಕು, ತೆಗೆಯುವವರು ಊರವರಾಗಿರಬೇಕು. ಖಲೀಲ್ ಸಾಬರು ಮಂಡಿನೋವಿನವರು, ಆರು ಗಂಟೆ ಬಸ್ಸಿನಲ್ಲಿ ಕೂತರೆ ಇಳಿಯುವುದಕ್ಕೆ ಇಬ್ಬರು ಹಿಡಿಯಬೇಕು. ಪುಟ ಕಟ್ಟುವ ನಾನು ಪ್ರೆಸ್ಸು ಬಿಟ್ಟು ಹೋಗುವಂತಿಲ್ಲ. ಹೋಗಬೇಕಾದವಳು ಕರಿಬಸಮ್ಮನೇ. ಅವಳು ಹೋಗಬೇಕಾದರೆ ಯಾಕೆ ಅಂತ ನಾನು ಹೇಳಬೇಕು.

ಪುಟದ ಒಂದು ಪ್ರತಿ ತೆಗೆದು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೆ. ಯಾಕೆ ತಗೊಂಡೆನೋ, ತೋರಿಸುವ ಉದ್ದೇಶ ಇರಲಿಲ್ಲ. ದಾರಿಯುದ್ದಕ್ಕೂ ‘ನಾನು ಪ್ರೆಸ್ಸಿನ ಹಾಲಮ್ಮ, ನಾನು ಪ್ರೆಸ್ಸಿನ ಹಾಲಮ್ಮ’ ಅಂತ ಕೂಗಿಕೊಂಡು ಹೋಗಬೇಕಲ್ಲ, ಆವತ್ತು ನನ್ನ ಹೆಸರು ನನ್ನ ಬಾಯಲ್ಲೇ ಕಹಿಯಾಗಿತ್ತು.

ಕರಿಬಸಮ್ಮ ಜಗಲಿಯ ಮೇಲೆ ಚಿಕ್ಕದೊಂದು ಲಂಗಕ್ಕೆ ಅಂಚು ಹೊಲಿಯುತ್ತಿದ್ದಳು. ಬ್ಯಾಂಡೇಜು ಕಾಲಿಗೆ ತಾಗಬಾರದು ಅಂತ ಅಗಲ ಬಿಟ್ಟು ಹೊಲಿದಿದ್ದಳು.

“ಬರ್ರಿ ಹಾಲಮ್ಮಕ್ಕ. ಬುಧವಾರ ಬರ್ತಾರೆ ನೋಡ್ರಿ, ಮನೆ ಎಲ್ಲ ಸಾರಿಸ್ಬೇಕು, ಕೈಯೇ ಓಡ್ತಿಲ್ಲ ನಂಗೆ” ಅಂದಳು.

ನಿಂತುಕೊಂಡೇ ಹೇಳಿಬಿಟ್ಟೆ. ಕೂತರೆ ಹೇಳುವುದಕ್ಕೆ ಆಗುತ್ತಿರಲಿಲ್ಲ. ಸುಗುಣನ ಚಿತ್ರ ನನ್ನ ಕೈಯಿಂದ ಹಾಳಾಯಿತು, ಅವಳ ಜಾಗಕ್ಕೆ ಬೇರೆ ಚಿತ್ರ ಬಂದಿದೆ, ನಾಲ್ಕೂವರೆ ಬಸ್ಸಿಗೆ ಕ್ಯಾಮೆರಾ ತಗೊಂಡು ನೀನು ಹೋಗಬೇಕು ತಾಯಿ, ಇಲ್ಲದಿದ್ದರೆ ಬೀರಪ್ಪ ಮಗುವನ್ನು ಒಳಗೆ ಬಿಡುವುದಿಲ್ಲ. ಅವಳು ಬೈಯುತ್ತಾಳೆ, ಸೂಜಿ ತೆಗೆದು ಚುಚ್ಚಿದರೂ ಚುಚ್ಚಲಿ ಅಂದುಕೊಂಡಿದ್ದೆ. ಅವಳು ಲಂಗ ಮಡಚಿ ಪಕ್ಕಕ್ಕಿಟ್ಟಳು.

“ಬೇರೆ ಚಿತ್ರ ಅಂದ್ರೆ ಯಾರದ್ದಕ್ಕ?”

ನಂಬರು ಮೂರು ಅಂದರೆ ಮೊದಲು ಯಾರು ಅಂತ ಅವಳಿಗೆ ನಾನು ಹೇಳಬೇಕಾಗಿರಲಿಲ್ಲ.

“ಅವಳದ್ದಾ?” ಅಂದಳು. “ಸುಟ್ಟು ಹಾಕಿದ್ವಲ್ಲ. ನಾನೇ ಒಲೆಗೆ ಹಾಕಿದ್ನಲ್ಲ ಅಕ್ಕ.”

“ನನ್ನ ಫೋಲ್ಡರಿನಲ್ಲಿ ಉಳಿದಿತ್ತು. ತಪ್ಪು ನನ್ನದೇ.”

ಕೈ ಚಾಚಿದಳು. ಕೊಡಬಾರದು, ನನಗೆ ಗೊತ್ತು. ಊರಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಆದರೂ ಕೊಟ್ಟೆ.

ಬಹಳ ಹೊತ್ತು ನೋಡಿದಳು. ಅಳಲಿಲ್ಲ. ಬೆರಳಿನಿಂದ ಹುಬ್ಬು ಮುಟ್ಟಿದಳು, ಕಿವಿ ಮುಟ್ಟಿದಳು. ಮೇಲಿನ ಒಂದು ಹಲ್ಲು ಬಿದ್ದಿದ್ದ ಜಾಗದಲ್ಲಿ ಬೆರಳು ನಿಂತಿತು. “ಮೂಗು ಇಷ್ಟು ಸಣ್ಣದಿತ್ತಾ” ಅಂದಳು. “ನಾನು ಉದ್ದ ಮೂಗು ಅಂದ್ಕೊಂಡಿದ್ದೆ. ದಿನಾ ಬೆಳಿಗ್ಗೆ ಎದ್ದು ಒಂದೊಂದು ಥರ ಅಂದ್ಕೊಳ್ತಿದ್ದೆ.”

ಗೋಡೆ ಗಡಿಯಾರದಲ್ಲಿ ಮೂರು ಗಂಟೆ ಹತ್ತು ನಿಮಿಷ. ನಾನು ಗಡಿಯಾರ ನೋಡುತ್ತಿದ್ದೆ, ಅವಳು ಮಗುವನ್ನು.

“ಇದನ್ನೇ ಬಿಡ್ರಿ” ಅಂದಳು.

“ಏನಂದೆ?”

“ಪಟ್ಟಿಯಾಗೆ ಇದೇ ಇರ್ಲಿ. ದಿನಾ ಎದ್ದು ನೋಡ್ತೀನಿ.”

ನಾನು ಮಕ್ಕಳನ್ನು ಹೆತ್ತವಳಲ್ಲ, ಕಳೆದುಕೊಂಡವಳೂ ಅಲ್ಲ. ಅವಳ ಕೈಯಿಂದ ಕಾಗದ ಕಿತ್ತುಕೊಳ್ಳುವ ಹಕ್ಕು ನನಗೆಲ್ಲಿಂದ ಬರಬೇಕು. ಆದರೆ ಸುಮ್ಮನಿರುವುದಕ್ಕೂ ಆಗಲಿಲ್ಲ. “ಸುಗುಣ?” ಅಂದೆ, ಅಷ್ಟೇ.

ಅವಳು ಪಕ್ಕಕ್ಕಿಟ್ಟಿದ್ದ ಲಂಗದ ಕಡೆ ನೋಡಿದಳು, ಮತ್ತೆ ಕಾಗದದ ಕಡೆ. ಬೀದಿಯಲ್ಲಿ ಯಾರೋ ‘ನಾನು ಹಿಟ್ಟಿನ ಗಿರಣಿ ಶಿವಲಿಂಗ’ ಅಂತ ಕೂಗುತ್ತಾ ಹೋದರು. ಮೂರೂ ಇಪ್ಪತ್ತಾಯಿತು. ಮೂರೂ ಇಪ್ಪತ್ತೈದು. ಖಲೀಲ್ ಸಾಬರು ಆ ಆರು ಜನರನ್ನು ಮುಗಿಸಿದರೋ ಇಲ್ಲವೋ, ಕ್ಯಾಮೆರಾ ಸಿಗುತ್ತದೋ ಇಲ್ಲವೋ, ಬಸ್ಸು ಇವತ್ತೇ ಬೇಗ ಹೊರಟುಬಿಟ್ಟರೆ ಏನು ಗತಿ, ಹೀಗೆ ತಲೆಯೊಳಗೆ ಒಂದೇ ಸಮನೆ ಗಿರಕಿ. ಬಾಯಿ ಬಿಟ್ಟರೆ ಗದರಿಬಿಡುತ್ತೇನೆ ಅನ್ನಿಸಿ ಹಲ್ಲು ಕಚ್ಚಿ ನಿಂತಿದ್ದೆ.

“ಮಲಗೋ ತನಕ ಇರುತ್ತಲ್ಲ?” ಅಂತ ಕೇಳಿದಳು. “ನೋಡಿದ್ದು ಮಲಗೋ ತನಕ ಹೋಗಲ್ಲ ಅಲ್ಲ?”

“ಹೋಗಲ್ಲ.”

ಕಾಗದವನ್ನು ನನ್ನ ಕೈಗೆ ತುರುಕಿ ಎದ್ದಳು. “ತಗಳ್ರಿ. ಇದು ನನ್ನ ಹತ್ರ ಇದ್ರೆ ನಾನು ಬಸ್ ಹತ್ತಲ್ಲ.”

ಖಲೀಲ್ ಸಾಬರನ್ನು ಗಾಣಿಗರ ಬೀದಿಯ ಕೊನೆಯಲ್ಲಿ ಹಿಡಿದೆವು. ಆರನೆಯದು ಆಗಷ್ಟೇ ಮುಗಿದಿತ್ತು. ಅವರಿಗೆ ಸುಳ್ಳು ಹೇಳಲು ಹೋದೆ, ಅವರು ನನ್ನ ಮುಖ ನೋಡಿ, “ಹೇಳಬೇಡ ಬಿಡಮ್ಮ, ನಾನು ಕೇಳೂದಿಲ್ಲ” ಅಂದರು. ಆರು ಜನರ ಚಿತ್ರದ ಕಾರ್ಡು ನನಗೆ ಕೊಟ್ಟು, ಬೇರೆ ಕಾರ್ಡು ಹಾಕಿ, ಕ್ಯಾಮೆರಾದ ಬೆಲ್ಟನ್ನು ಕರಿಬಸಮ್ಮನ ಕುತ್ತಿಗೆಗೆ ತಾವೇ ಹಾಕಿದರು. “ಕಿಟಕಿ ಹತ್ರ ಕೂರಿಸು. ಬೆಳಕು ಮಗು ಮುಖದ ಮೇಲೆ ಬೀಳಬೇಕು, ನಿನ್ನ ಮೇಲಲ್ಲ. ಇದನ್ನ ಅರ್ಧ ಒತ್ತು, ಒಂದು ಹಸಿರು ಚುಕ್ಕೆ ಬರ್ತದೆ, ಆಮೇಲೆ ಪೂರ್ತಿ ಒತ್ತು. ಹತ್ತು ತೆಗಿ, ಒಂದಾದ್ರೂ ಬರ್ತದೆ.” ಅವಳು ತಲೆಯಾಡಿಸಿದಳು. ಕೇಳಿಸಿಕೊಂಡಳೋ ಇಲ್ಲವೋ ನನಗೆ ಖಾತ್ರಿಯಿರಲಿಲ್ಲ. ಬಸ್ಸು ಹೊರಟಾಗ ಕಿಟಕಿಯಲ್ಲಿ ಕಣ್ಣು ದೊಡ್ಡದು ಮಾಡಿಕೊಂಡು ಕೂತಿದ್ದಳು, ರೆಪ್ಪೆ ಬಡಿಯುವುದಕ್ಕೂ ಹೆದರಿದವಳ ಹಾಗೆ.

ಮಂಗಳವಾರ ಬೆಳಿಗ್ಗೆ ಎದ್ದಾಗ ಆ ಮಗುವಿನ ಮುಖ ನನ್ನ ತಲೆಯಿಂದ ಹೋಗಿತ್ತು. ಒಂದು ಹಲ್ಲು ಬಿದ್ದಿತ್ತು ಅನ್ನುವ ಮಾತು ಮಾತ್ರ ಇತ್ತು. ಆರು ಜನರನ್ನು ಅವರವರ ಜಾಗಕ್ಕೆ ಕೂರಿಸಿದೆ. ಪ್ರತಿಯೊಂದಕ್ಕೂ ವಿಳಾಸ ಮೂರು ಸಲ ನೋಡಿದೆ, ಇಷ್ಟು ವರ್ಷ ಇಲ್ಲದ ಭಕ್ತಿ. ಚೌಡಪ್ಪನವರು ಬಂದು, “ಬೂದು ಬಿಟ್ಟೆಯಾ” ಅಂದರು. ಕುಂಬಾರ ಓಣಿಯ ಫಾರಂ ಸಂಜೆ ಆರರವರೆಗೆ ತಡೆದಿಡಿ ಅಂತ ಕೇಳಿಕೊಂಡೆ. ಯಾಕೆ ಅಂದರು. ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ಬಯ್ಯುವುದಕ್ಕೆ ಬಾಯಿ ತೆರೆದವರು, ಏನು ಅನ್ನಿಸಿತೋ, “ಆರಕ್ಕೆ ಒಂದು ನಿಮಿಷ ಹೆಚ್ಚಾದರೂ ನಾನೇ ಬೂದು ಮಾಡ್ತೀನಿ” ಅಂತ ಹೇಳಿ ಹೋದರು.

ಐದಕ್ಕೆ ಬಸ್ಸು ಬರಲಿಲ್ಲ. ಐದೂಕಾಲಿಗೂ ಇಲ್ಲ. ನಾನು ಪ್ರೆಸ್ಸಿನಿಂದ ಬಾಗಿಲಿಗೆ, ಬಾಗಿಲಿನಿಂದ ಪ್ರೆಸ್ಸಿಗೆ ಎಷ್ಟು ಸಲ ಓಡಾಡಿದೆನೋ. ಚಪ್ಪಲಿ ಉಂಗುಷ್ಟ ಕಿತ್ತುಹೋಯಿತು, ಬರಿಗಾಲಲ್ಲಿ ನಿಂತೆ. ಅವಳು ಅಲ್ಲಿ ಆಸ್ಪತ್ರೆಯನ್ನೇ ಹುಡುಕಲಾಗದೆ ಕೂತಿದ್ದರೆ? ಮಗುವನ್ನು ನೋಡಿ ಮನಸ್ಸು ತಿರುಗಿ, ಕ್ಯಾಮೆರಾ ಕೆಳಗಿಟ್ಟು ಎಲ್ಲಾದರೂ ಹೊರಟುಹೋಗಿದ್ದರೆ? ಏನೇನೋ ಹೊಳೆಯಿತು, ಒಂದೂ ಒಳ್ಳೆಯದಿರಲಿಲ್ಲ. ಐದೂ ನಲವತ್ತಕ್ಕೆ ಬಸ್ಸು ಬಂತು. ಕುರುಡು ದಿನಗಳಲ್ಲಿ ಬೀರಪ್ಪನ ಬಳಿ ಪಟ್ಟಿ ಇರುವುದಿಲ್ಲ, ಹೋಗುವವರಿಗೆ ಅವನೇ ಕೊಡುವ ತಾಮ್ರದ ಬಿಲ್ಲೆ ನೋಡಿ ಒಳಗೆ ಬಿಡುತ್ತಾನೆ. ಬಿಲ್ಲೆ ತೋರಿಸಿ ಬಂದ ಹೆಂಗಸಿನ ಕುತ್ತಿಗೆಯಲ್ಲಿ ಕ್ಯಾಮೆರಾ ಇತ್ತು. ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು.

“ಮಲಗಿಲ್ವಾ?” ಅಂದೆ.

“ಇಲ್ಲ” ಅಂದಳು. “ಕಾಫಿಪುಡಿ ಬಾಯಿಗೆ ಹಾಕ್ಕೊಂಡು ಕೂತಿದ್ದೆ.”

ಕಾರ್ಡಿನಲ್ಲಿ ಹದಿನಾಲ್ಕು ಚಿತ್ರ ಇದ್ದವು. ಮೊದಲನೆಯದು ಫ್ಯಾನು. ಎರಡನೆಯದು ಯಾರದೋ ಮೊಣಕೈ. ಆಮೇಲೆ ನಾಲ್ಕೈದು ಹೊಗೆಯಲ್ಲಿ ತೆಗೆದಂತೆ. ಹನ್ನೊಂದನೆಯದರಲ್ಲಿ ಒಂದು ಮಗು ಕಿಟಕಿಯ ಪಕ್ಕ ಕೂತು ಸ್ವಲ್ಪ ಗಾಬರಿಯಿಂದ ನೇರ ನಮ್ಮನ್ನೇ ನೋಡುತ್ತಿತ್ತು. ಹುಬ್ಬು, ಕಿವಿ, ಗಲ್ಲದ ಮೇಲಿನ ಮಚ್ಚೆ, ಎಲ್ಲ ಸ್ಪಷ್ಟ. ಆರಕ್ಕೆ ಎಂಟು ನಿಮಿಷ ಇತ್ತು.

ಫೈಲಿಗೆ ಹೆಸರು ಹಾಕಿದೆ. ಕುಂಬಾರ ಓಣಿ, ಎಂಬತ್ತೆಂಟು, ಮೂರು. ಫೋಲ್ಡರಿಗೆ ಎಳೆದೆ. ಇದೇ ಹೆಸರಿನ ಫೈಲು ಆಗಲೇ ಇದೆ ಅಂತ ಯಂತ್ರ ಹೇಳಿತು. ಪಕ್ಕಪಕ್ಕದಲ್ಲಿ ಎರಡು ಪುಟ್ಟ ಚಿತ್ರ ತೋರಿಸಿತು. ಒಂದು ಹಲ್ಲಿಲ್ಲದ್ದು, ಒಂದು ಮಚ್ಚೆಯದ್ದು.

ಕರಿಬಸಮ್ಮ ನನ್ನ ಹಿಂದೆಯೇ ನಿಂತಿದ್ದಳು. “ಅದು ಏನು ಕೇಳ್ತಿದೆ?”

“ಹಳೇದನ್ನ ತೆಗೆದು ಹೊಸದನ್ನ ಇಡ್ಲಾ ಅಂತ.”

“ತೆಗೆದ್ರೆ ಮತ್ತೆ ಎಲ್ಲೂ ಇರಲ್ವಾ?”

ಇರುವುದಿಲ್ಲ. ಇನ್ನೊಂದು ಫೋಲ್ಡರನ್ನು ನಾನೇ ಭಾನುವಾರ ಅಳಿಸಿದ್ದೆ, ಪುಟದ ಆ ಪ್ರತಿಯನ್ನು ಸೋಮವಾರವೇ ತೊಟ್ಟಿಗೆ ಹಾಕಿದ್ದೆ. ಬೇರೆ ಹೆಸರು ಕೊಟ್ಟು ಮೂಲೆಯಲ್ಲಿ ಎಲ್ಲಾದರೂ ಬಚ್ಚಿಡಬಹುದಿತ್ತು, ನನಗೆ ಬರದ ವಿದ್ಯೆಯೇನಲ್ಲ. “ಬೇಕಾದ್ರೆ ಬೇರೆ ಕಡೆ ಇಡ್ತೀನಿ” ಅಂದೆ. “ಯಾವಾಗ್ಲಾದ್ರೂ ಬಂದು ನೋಡು. ಯಾರಿಗೂ ಹೇಳಲ್ಲ.”

ಅವಳು ಆ ಎರಡು ಚಿತ್ರಗಳನ್ನು ನೋಡುತ್ತಾ ನಿಂತಳು. ಹೊರಗೆ ಚೌಡಪ್ಪನವರ ಕೆಮ್ಮು ಕೇಳಿಸಿತು. “ಬಂದಾಗೆಲ್ಲ ನೀವು ಹೇಳ್ಬೇಕಾಗುತ್ತೆ ಅಕ್ಕ” ಅಂದಳು. “ಇವಳು ಯಾರು ಅಂತ ಕೇಳ್ತೀನಿ. ನಿನ್ನ ಮಗಳು, ಸತ್ತುಹೋದಳು ಅಂತ ನೀವು ಹೇಳ್ಬೇಕು. ಪ್ರತಿ ಸಲ ಹೇಳ್ಬೇಕು.”

ನಾನು ಮೌಸಿನ ಮೇಲಿಂದ ಕೈ ತೆಗೆದೆ. ಆಗಲೇ ಒಂದು ಸಲ ಹೂಂ ಅಂದು ಇಷ್ಟೆಲ್ಲ ಆಗಿತ್ತಲ್ಲ, ಇನ್ನೊಂದು ಸಲ ಅನ್ನಲು ನನ್ನಿಂದ ಆಗಲಿಲ್ಲ. ಅವಳು ಬಗ್ಗಿ, ಎಲ್ಲಿ ಒತ್ತಬೇಕು ಅಂತ ಕೇಳಿದಳು. ತೋರಿಸಿದೆ. ಒತ್ತಿದಳು. ಸದ್ದೂ ಬರಲಿಲ್ಲ. ಪುಟದ ಮೇಲಿನ ಚೌಕದಲ್ಲಿ ಮಚ್ಚೆಯ ಮಗು ಬಂದು ಕೂತಿತು.

ಬುಧವಾರ ಹತ್ತಕ್ಕೆ ಪಟ್ಟಿ ಹಂಚಿದೆವು. ಜನ ಅಲ್ಲೇ ಬಿಚ್ಚಿ ತಮ್ಮವರನ್ನು ಹುಡುಕಿಕೊಂಡು ನಗುತ್ತಿದ್ದರು. ನಾನು ಮಾತ್ರ ಹನ್ನೊಂದಕ್ಕೆ ಮುಂಚೆಯೇ ಊರಬಾಗಿಲಲ್ಲಿ ನಿಂತಿದ್ದೆ. ಕರಿಬಸಮ್ಮ ಬಾಗಿಲೊಳಗಿನ ಕಲ್ಲುಬೆಂಚಿನ ಮೇಲೆ ಹೊಸ ಪಟ್ಟಿ ಹಿಡಿದು ಕೂತಿದ್ದಳು. ಎರಡು ರಾತ್ರಿ ಮಲಗಿರಲಿಲ್ಲ. ತುಟಿ ಒಡೆದಿತ್ತು. ನಾನು ಪಕ್ಕದಲ್ಲಿ ಕೂತಾಗ, “ಇನ್ನೂ ಇದ್ದಾಳೆ ಅಕ್ಕ” ಅಂತ ಪಿಸುಗುಟ್ಟಿದಳು, “ಕಣ್ಣು ಮುಚ್ಚಿದ್ರೆ ಕಾಣ್ತಾಳೆ. ಮುಚ್ಚೋಕೇ ಭಯ.”

ಬಸ್ಸು ಬಂತು. ನಾನು ಎದ್ದು ಬಾಗಿಲ ಹತ್ತಿರ ಹೋದೆ. ಗುಡ್ಡಪ್ಪ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮಗುವನ್ನು ಹಿಡಿದು ಇಳಿದ. ಮಗು ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು ಕುಪ್ಪಳಿಸುತ್ತಾ ಬಂತು. ಬೀರಪ್ಪ ಮೊದಲು ಗುಡ್ಡಪ್ಪನನ್ನು ನೋಡಿ ಬಿಟ್ಟ. ಆಮೇಲೆ ಮಗುವನ್ನು ನಿಲ್ಲಿಸಿ ಪುಟ ತೆರೆದ.

ಅವನು ಪುಟ ನೋಡಿದ, ಮಗುವನ್ನು ನೋಡಿದ. ಮತ್ತೆ ಪುಟ ನೋಡಿದ. ಬಿಸಿಲಿಗೆ ಮಗು ಮುಖ ಸಿಂಡರಿಸಿತ್ತು. “ಇದ್ರಾಗೆ ಹುಬ್ಬು ಬೇರೆ ಥರ ಐತಲ್ಲ” ಅಂದ. ಗುಡ್ಡಪ್ಪ, “ನಮ್ಮ ಹುಡುಗೀನೇ ಬೀರಣ್ಣ” ಅಂದ. “ಬಾಯಿಮಾತು ಬ್ಯಾಡಪ್ಪ” ಅಂದ ಬೀರಪ್ಪ. ಮಗುವಿನ ಗಲ್ಲ ಹಿಡಿದು ನೆರಳಿಗೆ ತಿರುಗಿಸಿದ. ಕಿವಿ ನೋಡಿದ. ಬೆರಳು ಮಚ್ಚೆಯ ಮೇಲೆ ಇಟ್ಟು, ಪುಟದ ಮಚ್ಚೆಯ ಮೇಲೆ ಇಟ್ಟು, ನಿಧಾನಕ್ಕೆ ತಲೆಯಾಡಿಸಿದ. “ಹೂಂ. ಹೋಗವ್ವ ಒಳಗೆ.”

ಮೂರು ದಿನದ ಉಸಿರು ಒಟ್ಟಿಗೆ ಹೊರಗೆ ಬಂದು ಕಣ್ಣಲ್ಲಿ ನೀರು ಬಂತು. ಎಲ್ಲ ಮುಗಿಯಿತು ಅಂದುಕೊಂಡೆ.

ಮಗು ಬೆಂಚಿನ ಹತ್ತಿರ ಹೋಗಿ ಕರಿಬಸಮ್ಮನ ಕೈಯಲ್ಲಿದ್ದ ಪಟ್ಟಿಯನ್ನು ತಾನೇ ತಿರುಗಿಸಿಕೊಂಡು ನೋಡಿತು. ಪುಟ ನೋಡಿ, ಅವಳನ್ನು ನೋಡಿ, “ಅಮ್ಮ ನೀನೇನಾ?” ಅಂತ ಕೇಳಿತು.

“ಹೂಂ. ನಾನೇ” ಅಂದಳು ಕರಿಬಸಮ್ಮ. ಎದ್ದು ಎತ್ತಿಕೊಳ್ಳಲಿಲ್ಲ. ಬೇರೆ ಯಾರನ್ನೋ ನೋಡುತ್ತಿರುವವರ ಹಾಗೆ ಕೂತಿದ್ದಳು. ಮಗುವಿಗೆ ಅದೆಲ್ಲ ಏನು ಗೊತ್ತು. ಬೆಳಗಿನ ಜಾವ ಎಬ್ಬಿಸಿ ಬಸ್ಸಿಗೆ ಹತ್ತಿಸಿದ್ದರು. ಊರುಗೋಲು ಪಕ್ಕಕ್ಕಿಟ್ಟು, ಬ್ಯಾಂಡೇಜಿನ ಕಾಲನ್ನು ಕೈಯಲ್ಲೇ ಎತ್ತಿ ಬೆಂಚಿನ ಮೇಲಿಟ್ಟುಕೊಂಡು, “ನಿದ್ದೆ ಬರ್ತೈತೆ ಅಮ್ಮ” ಅಂತ ಅವಳ ತೊಡೆಯ ಮೇಲೆ ತಲೆಯಿಟ್ಟಿತು.

ಕರಿಬಸಮ್ಮನ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಆಮೇಲೆ ಇಳಿಯಿತು. ಮಗುವಿನ ಬೆನ್ನು ತಟ್ಟತೊಡಗಿತು. ತಟ್ಟುವುದು ನಿಧಾನವಾಯಿತು. ಮಧ್ಯೆ ಒಂದೆರಡು ಸಲ ಬೆಚ್ಚಿ ಕಣ್ಣು ಅಗಲ ಮಾಡಿದಳು, ನನ್ನನ್ನು ನೋಡಿದಳು, ಏನೋ ಹೇಳಲು ತುಟಿ ಅಲುಗಿಸಿದಳು. ನಾನು ಹತ್ತಿರ ಹೋಗಿ ಅವಳ ಭುಜ ಹಿಡಿದು ಅಲುಗಿಸಬಹುದಿತ್ತು. ಒಂದು ಹೆಜ್ಜೆ ಮುಂದೆ ಇಟ್ಟೆ ಕೂಡ. ಮಗು ಅವಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ಅವಳ ತಲೆ ಹಿಂದಿನ ಗೋಡೆಗೆ ಒರಗಿತು. ತಟ್ಟುತ್ತಿದ್ದ ಕೈ ಮಗುವಿನ ಬೆನ್ನಿನ ಮೇಲೇ ನಿಂತಿತು.

ಗುಡ್ಡಪ್ಪ ಚೀಲ ಹೆಗಲಿಗೇರಿಸಿ ಬಂದು ಇಬ್ಬರನ್ನೂ ನೋಡಿ ನಕ್ಕ. ಲೈಟಿನ ನೆಪ ಬಿಟ್ಟು ಅವನಿಗೆ ಯಾರೂ ಏನೂ ಹೇಳಿರಲಿಲ್ಲ. “ಎಬ್ಬಿಸ್ಲೇನಕ್ಕ? ಮನೆಗೋಗಿ ಮಲಗ್ಲಿ” ಅಂದ.

“ಬೇಡ ಬಿಡಪ್ಪ” ಅಂದೆ. “ಈಗ ಎಬ್ಬಿಸಿದ್ರೂ ಅಷ್ಟೇ.”